ಬಾಗಿದ್ದು ಬೆನ್ನು, ಬಾಗಿಸಿದ್ದು ಯಾರು?

ಪುಣೆಯ ನಿಗಡಿಯಲ್ಲಿ ನೆಲೆಸಿರುವ, ಚಾಕಣದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಉತ್ಪಾದನಾ ವಿಭಾಗದ ಹೊಣೆ ಹೊತ್ತಿರುವ ಓದುಗರೊಬ್ಬರು ಬರೆದ ಪತ್ರದ ಸಾರ ಹೀಗಿದೆ:

“ನಮ್ಮ ಅಸೆಂಬ್ಲಿ ಲೈನಿನ ಮೇಲೆ ಕ್ಯಾಮೆರಾ ಅಳವಡಿಸಿ, ಎಐ ತಂತ್ರಾಂಶದ ಮೂಲಕ ಕೆಲಸಗಾರರ ಚಲನೆಯನ್ನು ವಿಶ್ಲೇಷಿಸುತ್ತಿದ್ದೇವೆ. ಬೆನ್ನು, ಕುತ್ತಿಗೆ, ಭುಜಗಳು ಅಪಾಯದ ಕೋನಕ್ಕೆ ಹೋದರೆ ಪರದೆಯ ಮೇಲೆ ಕೆಂಪು ಬಣ್ಣ ಬರುತ್ತದೆ. ಯಾರಿಗೆ ಪದೇ ಪದೇ ಕೆಂಪು ಬರುತ್ತದೋ ಅವರ ಪಟ್ಟಿ ಸಿಬ್ಬಂದಿಯ ವ್ಯವಹಾರ ನೋಡುವ ಎಚ್.ಆರ್. ವಿಭಾಗಕ್ಕೆ ಹೋಗುತ್ತದೆ, ಅವರನ್ನು ಕರೆಸಿ ಸರಿಯಾದ ಭಂಗಿಯ ತರಬೇತಿ ಕೊಡುತ್ತೇವೆ. ಇಷ್ಟೆಲ್ಲ ಅವರ ಒಳಿತಿಗೇ ಆದರೂ ಯೂನಿಯನ್ನಿನವರು ತಮ್ಮ ಮೇಲೆ ಕಣ್ಣಿಡಲಾಗುತ್ತಿದೆ ಎಂದು ತಕರಾರು ಎತ್ತಿದ್ದಾರೆ. ಹೊಸದನ್ನು ಕಂಡರೆ ಅನುಮಾನಪಡುವ ಈ ಸ್ವಭಾವ ಯಾವಾಗ ಹೋದೀತು? ನಿಮ್ಮಂಥ ಪತ್ರಿಕೆಗಳು ತಿಳಿವಳಿಕೆ ಮೂಡಿಸಬಾರದೇ?”

ಸಂಪಾದಕರ ಉತ್ತರ:

ಮಾನ್ಯರೇ, ಕೆಲಸಗಾರನ ಬೆನ್ನುನೋವು ಉತ್ಪಾದನಾ ವಿಭಾಗದ ಮುಖ್ಯಸ್ಥರೊಬ್ಬರ ಪತ್ರದ ವಿಷಯವಾಗುವುದೇ ಅಪರೂಪ. ಆದ್ದರಿಂದ ನಿಮ್ಮ ಪತ್ರ ಬಂದದ್ದು ನನಗೆ ಸಂತೋಷ ತಂದಿತು. ನೀವು ಹೇಳುವ ತಂತ್ರಜ್ಞಾನದಲ್ಲಿ ಹುರುಳಿದೆ ಎಂಬುದರಲ್ಲಿಯೂ ಸಂಶಯವಿಲ್ಲ. ದೇಹದ ಭಂಗಿಗೆ ಅಂಕ ಕೊಡುವ ‘ರೂಲಾ’ ಪದ್ಧತಿಯನ್ನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಇಬ್ಬರು ತಜ್ಞರು 1993ರಲ್ಲಿ ಪ್ರಕಟಿಸಿದರು. ಅಂದಿನಿಂದ ಈ ಕೆಲಸ ನಡೆದದ್ದು ಹೆಚ್ಚಾಗಿ ಕಾಗದದ ಮೇಲೆ. ಒಬ್ಬ ಪರೀಕ್ಷಕ ನಮೂನೆ ಹಿಡಿದು ಲೈನಿನ ಪಕ್ಕ ಸ್ವಲ್ಪ ಹೊತ್ತು ನಿಂತು, ತೋಳು ಎಷ್ಟು ಮೇಲೆದ್ದಿದೆ, ಕುತ್ತಿಗೆ ಎಷ್ಟು ಬಾಗಿದೆ, ಮಣಿಕಟ್ಟು ಎತ್ತ ತಿರುಗಿದೆ ಎಂದು ಕಣ್ಣಳತೆಯಿಂದ ಬರೆದುಕೊಂಡು, 1ರಿಂದ 7ರವರೆಗಿನ ಒಂದು ಅಂಕಕ್ಕೆ ಬರುತ್ತಿದ್ದ. 7 ಬಂದರೆ ಆ ಕೆಲಸವನ್ನು ತಕ್ಷಣ ಬದಲಾಯಿಸಬೇಕೆಂದು ಅರ್ಥ. ಆತ ನಿಂತಿದ್ದಷ್ಟು ಹೊತ್ತು ಕೆಲಸಗಾರನೂ ಮೈಯನ್ನು ನೆಟ್ಟಗೆ ಮಾಡಿಕೊಂಡೇ ದುಡಿಯುತ್ತಿದ್ದ ಎಂಬುದು ಬೇರೆ ಮಾತು. ಈಗ ಗೂಗಲ್‌ನವರು ಬಿಡುಗಡೆ ಮಾಡಿದ ಮೀಡಿಯಾಪೈಪ್‌ನಂಥ ತಂತ್ರಾಂಶ ಸಾಮಾನ್ಯ ಕ್ಯಾಮೆರಾದ ಚಿತ್ರದಲ್ಲಿಯೇ ದೇಹದ 33 ಬಿಂದುಗಳನ್ನು ಗುರುತಿಸಿ, ಕೀಲುಗಳ ಕೋನವನ್ನು ಪಾಳಿಯುದ್ದಕ್ಕೂ ದಣಿಯದೆ ಲೆಕ್ಕ ಹಾಕಬಲ್ಲದು. ಬೆಳಗಿನ ಮೊದಲ ಗಂಟೆಯ ಬೆನ್ನಿಗೂ ಪಾಳಿಯ ಕೊನೆಯ ಗಂಟೆಯ ಬೆನ್ನಿಗೂ ಇರುವ ವ್ಯತ್ಯಾಸವನ್ನು ಅದು ಹಿಡಿಯುತ್ತದೆ. ಇದನ್ನು ಬೇಡವೆನ್ನುವವನು ಹಟಮಾರಿಯೇ ಸರಿ.

ಆದರೆ ನಿಮ್ಮ ಪತ್ರದಲ್ಲಿ ನಾನು ಎರಡು ಬಾರಿ ಓದಿದ ವಾಕ್ಯ ಬೇರೆ ಇದೆ. ಕೆಂಪು ಬಂದವರ ಪಟ್ಟಿ ಎಚ್.ಆರ್. ವಿಭಾಗಕ್ಕೆ ಹೋಗುತ್ತದೆ ಎಂದಿದ್ದೀರಿ. ಸ್ವಾಮಿ, ಅದು ಅಲ್ಲಿಗೇಕೆ ಹೋಗಬೇಕು? ಮೇಜನ್ನು ಎತ್ತರಿಸುವ, ಬಿಡಿಭಾಗ ತುಂಬಿದ ಬಿನ್ನನ್ನು ಹತ್ತಿರಕ್ಕೆ ಸರಿಸುವ, ಕೆಲಸದ ವಸ್ತುವನ್ನು ಹಿಡಿದಿಡುವ ಫಿಕ್ಸ್ಚರನ್ನು ಓರೆ ಮಾಡುವ ಅಧಿಕಾರ ಆ ವಿಭಾಗಕ್ಕೆ ಎಲ್ಲಿದೆ? ಅದೆಲ್ಲ ಇರುವುದು ನಿಮ್ಮ ಕೈಯಲ್ಲಿ, ನಿಮ್ಮ ಮೇಂಟೆನೆನ್ಸ್ ಮತ್ತು ವಿನ್ಯಾಸ ವಿಭಾಗಗಳ ಕೈಯಲ್ಲಿ. ಒಂದೇ ಸ್ಟೇಷನ್ನಿನಲ್ಲಿ ಮೂರು ಪಾಳಿಯ ಮೂವರಿಗೂ ಕೆಂಪು ಬಂದಿದ್ದರೆ ಅದು ಮೂವರು ಅಶಿಸ್ತಿನ ಮನುಷ್ಯರ ಕಥೆಯಲ್ಲ, ತಪ್ಪು ಎತ್ತರದ ಒಂದು ಮೇಜಿನ ಕಥೆ. ನಿಮ್ಮ ತಂತ್ರಾಂಶ ಹೆಸರಿನ ಪ್ರಕಾರ ಪಟ್ಟಿ ಮಾಡುತ್ತಿದೆಯೋ ಸ್ಟೇಷನ್ನಿನ ಪ್ರಕಾರ ಮಾಡುತ್ತಿದೆಯೋ ಎಂಬ ಒಂದೇ ಆಯ್ಕೆಯಲ್ಲಿ ನಿಮ್ಮ ಯೂನಿಯನ್ನಿನವರ ತಕರಾರೆಲ್ಲ ಅಡಗಿದೆ.

ಮುಂಬಯಿಯಲ್ಲಿ ಕನ್ನಡದ ಅಚ್ಚಿನ ಕೆಲಸ ಸೀಸದ ಅಚ್ಚುಮೊಳೆಗಳಲ್ಲಿ ನಡೆಯುತ್ತಿದ್ದ ಕಾಲದಲ್ಲಿ ನಾನು ಒಂದು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುತ್ತಿದ್ದೆ. ಅಲ್ಲಿ ಮೊಳೆ ಜೋಡಿಸುವ ಗಿಡ್ಡ ಆಳಿನ ಕಂಪೋಜಿಟರ್ ಒಬ್ಬ ಇದ್ದ. ಎಡಗೈಯಲ್ಲಿ ಹಿಡಿದ, ಮೊಳೆಗಳನ್ನು ಸಾಲಾಗಿ ಜೋಡಿಸುವ ಸ್ಟಿಕ್ಕು ಸಾಲು ತುಂಬಿದಂತೆಲ್ಲ ಸೀಸದಿಂದ ಭಾರವಾಗುತ್ತಿತ್ತು. ಬಲಗೈ ಮಾತ್ರ ದಿನವಿಡೀ ಮೊಳೆಗಳ ಮೇಲಿನ ಪೆಟ್ಟಿಗೆಯ, ಅಂದರೆ ಮೇಲಿನ ಕೇಸಿನ ತುದಿಗೆ ಏರಿ ಇಳಿಯುತ್ತಿತ್ತು, ಏಕೆಂದರೆ ತ ಒತ್ತು, ಲ ಒತ್ತು, ದ ಒತ್ತುಗಳ ಮನೆಗಳೆಲ್ಲ ಅಲ್ಲಿದ್ದವು. ಕನ್ನಡದ ಒಂದು ಪುಟದಲ್ಲಿ ಈ ಒತ್ತುಗಳು ಎಷ್ಟು ಬರುತ್ತವೆಂದು ನಿಮಗೆ ಹೇಳಬೇಕಾಗಿಲ್ಲ. ಸಂಜೆಯ ಹೊತ್ತಿಗೆ ಅವನಿಗೆ ಭುಜ ಎತ್ತಲಾಗುತ್ತಿರಲಿಲ್ಲ. ಮಾಲೀಕರು ಬಂದು ಹೋಗುವಾಗಲೆಲ್ಲ ನೆಟ್ಟಗೆ ನಿಂತು ಕೆಲಸ ಮಾಡಲು ಉಪದೇಶಿಸುತ್ತಿದ್ದರು; ಅದೂ ಒಂದು ಬಗೆಯ ತರಬೇತಿಯೇ. ಕೊನೆಗೆ ಹಿರಿಯ ಫೋರ್‌ಮನ್ ಒಬ್ಬರು ಯಾರನ್ನೂ ಕೇಳದೆ ಅವನ ಕಾಲಡಿಗೆ ಒಂದು ಹಲಗೆ ಹಾಕಿಸಿದರು, ಹೆಚ್ಚು ಬಳಕೆಯ ಒತ್ತುಗಳನ್ನು ಕೆಳಗಿನ ಕೇಸಿನ ಹತ್ತಿರದ ಮನೆಗಳಿಗೆ ಇಳಿಸಿದರು. ಭುಜದ ನೋವಿನ ಮಾತು ಆಮೇಲೆ ಕೇಳಿಬರಲಿಲ್ಲ. ಆ ಫೋರ್‌ಮನ್ನರ ಬಳಿ ಕೋನ ಅಳೆಯುವ ಸಾಧನ ಯಾವುದೂ ಇರಲಿಲ್ಲ, ಕೇಸುಗಳ ಮನೆ ಬದಲಿಸುವ ಅಧಿಕಾರ ಇತ್ತು.

ತರಬೇತಿಯ ಬಗ್ಗೆ ನಿಮಗಿರುವ ನಂಬಿಕೆಯನ್ನು ಕೊಂಚ ಅಲುಗಾಡಿಸಬೇಕಾಗಿದೆ. ಭಾರ ಎತ್ತುವ ಸರಿಯಾದ ಕ್ರಮವನ್ನು ಕಲಿಸುವುದರಿಂದ ಬೆನ್ನುನೋವು ತಪ್ಪುತ್ತದೆಯೇ ಎಂದು ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ವಿಮರ್ಶೆಯೊಂದು 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಹಾಗೆ ತಪ್ಪುತ್ತದೆ ಎನ್ನುವುದಕ್ಕೆ ಆಧಾರ ಸಿಗಲಿಲ್ಲ ಎಂಬುದೇ ಅದರ ತೀರ್ಮಾನ. ಹೀಗಿದ್ದೂ ಮೊಣಕಾಲು ಮಡಚಿ ಎತ್ತಿರಿ ಎಂಬ ಚಿತ್ರಪಟ ತೂಗದ ಕಾರ್ಖಾನೆಯನ್ನು ನಾನು ಭೋಸರಿಯಿಂದ ತಳೇಗಾವಿನವರೆಗೆ ಕಂಡಿಲ್ಲ. ಚಿತ್ರಪಟ ಅಗ್ಗ, ಎತ್ತರ ಹೊಂದಿಸುವ ಮೇಜು ದುಬಾರಿ. ಕೆಲಸಗಾರರ ಸುರಕ್ಷತೆ, ಆರೋಗ್ಯಗಳನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಸೂತ್ರದಲ್ಲಿ ಎಲ್ಲವೂ ಅನುಕೂಲವಾಗಿದ್ದಾಗ ಎತ್ತಬಹುದಾದ ಭಾರವೇ 23 ಕಿಲೋ. ನಮ್ಮ ಸಿಮೆಂಟಿನ ಚೀಲ 50 ಕಿಲೋ. ಮೊಣಕಾಲನ್ನು ಎಷ್ಟು ಮಡಚಿದರೂ ಆ ಚೀಲ ಹಗುರಾಗುವುದಿಲ್ಲ. ಪುಣೆಯವರಾದ ನಿಮಗೆ ಹೊರೆ ಹೊರುವವರ ಸಂಘಟನೆಯಾದ ಹಮಾಲ ಪಂಚಾಯತ್ ಹೊಸದಲ್ಲ. ಹೊರುವವನ ಬೆನ್ನು ಅವನೊಬ್ಬನ ಖಾಸಗಿ ಸಂಕಟವಲ್ಲ, ಮಾರುಕಟ್ಟೆ ಹೊಣೆ ಹೊರಬೇಕಾದ ಸಂಗತಿ ಎಂಬುದನ್ನು ಆ ಊರಿಗೆ ತಿಳಿಯಹೇಳಿದವರು ವೈದ್ಯರಾಗಿದ್ದ ಬಾಬಾ ಆಢಾವರು. ಅವರು ಹಮಾಲರಿಗೆ ಭಂಗಿ ಕಲಿಸಲು ಹೋಗಲಿಲ್ಲ, ಅವರ ಸಂಘಟನೆ ಕಟ್ಟಿದರು.

ಇನ್ನು ಅನುಮಾನದ ಸ್ವಭಾವದ ಮಾತು. ಆ ಅನುಮಾನಕ್ಕೆ ನೂರು ವರ್ಷಕ್ಕೂ ಮೀರಿದ ಕಾರಣವಿದೆ. ಚಲನೆಯನ್ನು ಚಿತ್ರದಲ್ಲಿ ಹಿಡಿದು ಅಳೆಯುವ ವಿದ್ಯೆ ಎಐ ಜೊತೆಗೆ ಹುಟ್ಟಿದ್ದಲ್ಲ. ಕಳೆದ ಶತಮಾನದ ಎರಡನೆಯ ದಶಕದಲ್ಲಿಯೇ ಅಮೆರಿಕದ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿಗಳು ಕೆಲಸಗಾರನ ಬೆರಳಿಗೆ ಪುಟ್ಟ ವಿದ್ಯುದ್ದೀಪ ಕಟ್ಟಿ, ಕತ್ತಲಲ್ಲಿ ಅದು ಬರೆದ ಬೆಳಕಿನ ಗೆರೆಯನ್ನು ಛಾಯಾಚಿತ್ರದಲ್ಲಿ ಸೆರೆಹಿಡಿಯುತ್ತಿದ್ದರು. ಅದಕ್ಕೂ ಮೊದಲೇ ಫ್ರಾಂಕ್ ಗಿಲ್‌ಬ್ರೆತ್ ಇಟ್ಟಿಗೆ ಕಟ್ಟುವ ಗಾರೆಯವರನ್ನು ಗಮನಿಸಿ, ಪ್ರತಿಯೊಂದು ಇಟ್ಟಿಗೆಗೂ ಅವರು ನೆಲದವರೆಗೆ ಬಾಗಿ ಏಳುವುದನ್ನು ಕಂಡು, ಗೋಡೆ ಏರಿದಂತೆ ಏರಿಸಬಹುದಾದ ಅಟ್ಟಣೆಯನ್ನು ರೂಪಿಸಿ ಇಟ್ಟಿಗೆಗಳು ಕೈಗೆಟಕುವ ಎತ್ತರದಲ್ಲಿ ಸಿಗುವಂತೆ ಮಾಡಿದ್ದರು. ಒಂದು ಇಟ್ಟಿಗೆಗೆ ಬೇಕಿದ್ದ 18 ಚಲನೆಗಳು 5ಕ್ಕೆ ಇಳಿದವು. ನಾನು ಆ ಮನುಷ್ಯನಿಗೆ ಕೈಮುಗಿಯುತ್ತೇನೆ. ಅವನು ಬದಲಿಸಿದ್ದು ಅಟ್ಟಣೆಯನ್ನು. ಆದರೆ ಕಥೆಯ ಉಳಿದರ್ಧವನ್ನು 1911ರಲ್ಲಿ ‘ವೈಜ್ಞಾನಿಕ ನಿರ್ವಹಣೆ’ಯ ಪ್ರತಿಪಾದಕ ಫ್ರೆಡರಿಕ್ ಟೇಲರ್ ಹೆಮ್ಮೆಯಿಂದ ಬರೆದಿಟ್ಟಿದ್ದಾನೆ: ಗಂಟೆಗೆ ತಲಾ 120 ಇಟ್ಟಿಗೆ ಇಡುತ್ತಿದ್ದಲ್ಲಿ ಈಗ 350 ಇಡತೊಡಗಿದರಂತೆ. ಬಾಗುವುದು ತಪ್ಪಿ ಬೆನ್ನಿಗೆ ಸಿಕ್ಕ ಬಿಡುವು ಕೈಗಳ ಪಾಲಿಗೆ ಸುಮಾರು ಮೂರು ಪಟ್ಟು ಇಟ್ಟಿಗೆಗಳಾಗಿ ಬಂತು. ಕ್ಯಾಮೆರಾ ಕಂಡ ಕೂಡಲೇ ಟಾರ್ಗೆಟ್ ಏರುತ್ತದೆಂದು ನಿಮ್ಮ ಲೈನಿನವರು ಭಾವಿಸಿದರೆ ಅವರು ಇತಿಹಾಸವನ್ನು ಓದದಿದ್ದರೂ ಸರಿಯಾಗಿಯೇ ಬಲ್ಲರು ಎನ್ನಬೇಕು.

ಕ್ಯಾಮೆರಾಕ್ಕೆ ಕಾಣದಿರುವುದೂ ಬಹಳವಿದೆ. ಕುತ್ತಿಗೆ 20 ಡಿಗ್ರಿ ಮೀರಿ ಬಾಗಿತು ಎಂಬುದು ಅದಕ್ಕೆ ಕಾಣುತ್ತದೆ. ಬಾಗಿದ್ದು ದೀಪ ಸಾಲದ್ದರಿಂದಲೋ, ನಲವತ್ತೈದು ದಾಟಿದವನಿಗೆ ಸಣ್ಣ ಸ್ಕ್ರೂ ಸರಿಯಾಗಿ ಕಾಣದ್ದರಿಂದಲೋ ಎಂಬುದು ಕಾಣುವುದಿಲ್ಲ. ಡ್ರಿಲ್ಲಿನ ಬಿಟ್ಟು ಮೊಂಡಾಗಿ ಭುಜದ ಬಲವೆಲ್ಲ ಹಾಕಿ ಒತ್ತಬೇಕಾಗಿದೆಯೆಂದಾಗಲಿ, ಇಂಪ್ಯಾಕ್ಟ್ ರೆಂಚಿನ ನಡುಕ ಮೊಣಕೈವರೆಗೆ ಏರುತ್ತಿದೆಯೆಂದಾಗಲಿ, ಕೈಗವಸು ಜಾರುವುದರಿಂದ ಹಿಡಿತ ಎರಡು ಪಟ್ಟು ಬಿಗಿಯಾಗಿದೆಯೆಂದಾಗಲಿ ಚಿತ್ರದಲ್ಲಿ ಹೇಗೆ ತಿಳಿದೀತು? ಹಳೆಯ ರೂಲಾ ನಮೂನೆಯಲ್ಲಿ ಭಾರ ಮತ್ತು ಬಲಕ್ಕೆಂದು ಬೇರೆಯೇ ಅಂಕವಿದೆ. ಅದನ್ನು ತುಂಬಲು ಪರೀಕ್ಷಕ ಕೆಲಸಗಾರನನ್ನು ಕೇಳುತ್ತಿದ್ದ, ಇಲ್ಲವೇ ತೂಗಿ ನೋಡುತ್ತಿದ್ದ. ಕ್ಯಾಮೆರಾ ಬಂತೆಂದು ಕೇಳುವುದನ್ನು ನಿಲ್ಲಿಸಿದರೆ ನಿಮ್ಮ ಪರದೆಯ ಹಸಿರು ಬಣ್ಣವನ್ನು ನಾನಂತೂ ನಂಬಲಾರೆ.

ಮತ್ತೊಂದು ಸಂಗತಿಯನ್ನು ನಿಮ್ಮಂಥ ಸಜ್ಜನರು ಗಮನಿಸಿರಲಾರಿರಿ. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ, ವರದಿ ಮಾಡಲೇಬೇಕಾದ 29 ಔದ್ಯೋಗಿಕ ರೋಗಗಳ ಪಟ್ಟಿಯಿತ್ತು. ಸೀಸದ ವಿಷ, ಕಲ್ಲುದೂಳಿನಿಂದ ಶ್ವಾಸಕೋಶ ಕೆಡುವ ಸಿಲಿಕೋಸಿಸ್, ಗದ್ದಲದಿಂದ ಬರುವ ಕಿವುಡು, ಎಲ್ಲ ಇದ್ದವು. ಲೈನಿನಲ್ಲಿ ಸವೆದ ಬೆನ್ನು, ಹಿಡಿದುಕೊಂಡ ಭುಜ ಮಾತ್ರ ಇರಲಿಲ್ಲ. ಇದರ ಬಿಸಿ ತಟ್ಟುವುದು ಕಾರ್ಮಿಕರ ವಿಮೆಯಾದ ಇಎಸ್‌ಐ ಕಿಟಕಿಯಲ್ಲಿ. ಕೆಲಸದ ಗಾಯವೆಂದು ಒಪ್ಪಿದರೆ ಕೂಲಿಯ ಶೇಕಡಾ 90ರಷ್ಟು ಸಿಗುತ್ತದೆ, ಮಾಮೂಲಿ ಕಾಯಿಲೆಯೆಂದರೆ ಶೇಕಡಾ 70, ಅದೂ ವರ್ಷಕ್ಕೆ 91 ದಿನಗಳ ಮಿತಿಯಲ್ಲಿ. ಯಂತ್ರಕ್ಕೆ ಬೆರಳು ಕೊಟ್ಟವನ ಗಾಯ ಎಲ್ಲರಿಗೂ ಕಾಣುತ್ತದೆ. ವರ್ಷಗಟ್ಟಲೆ ತೂಕ ಹೊತ್ತು ಬೆನ್ನು ಕೊಟ್ಟವನು ಮಾತ್ರ ತನ್ನ ನೋವಿಗೂ ಲೈನಿಗೂ ಇರುವ ಸಂಬಂಧವನ್ನು ತಾನೇ ಸಾಬೀತು ಮಾಡಬೇಕು. ಅಂಥವನಿಗೆ ನಿಮ್ಮ ಕ್ಯಾಮೆರಾದ ದಾಖಲೆಗಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಅದು ಅವನ ಕೈಗೆ ಸಿಗುತ್ತದೆಯೇ?

ಸದ್ಯಕ್ಕೆ ಕಾನೂನಿನ ಒಲವು ಬೇರೆ ಕಡೆಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೆಯ ಕಲಮಿನಂತೆ, ಉದ್ಯೋಗದ ಉದ್ದೇಶಗಳಿಗಾಗಿ ಮತ್ತು ಮಾಲೀಕನನ್ನು ನಷ್ಟ ಅಥವಾ ಹೊಣೆಗಾರಿಕೆಯಿಂದ ಕಾಪಾಡಲು, ನೌಕರನ ಸಮ್ಮತಿಯಿಲ್ಲದೆಯೂ ಅವನ ಮಾಹಿತಿಯನ್ನು ಬಳಸಬಹುದು. ತರಬೇತಿ ಕೊಟ್ಟಿದ್ದೆವು, ಆದರೂ ಈತ ತಪ್ಪಾಗಿ ಬಾಗಿದ, ದಾಖಲೆ ಇಲ್ಲಿದೆ ಎಂದು ನಾಳೆ ಯಾರಾದರೂ ವಾದಿಸಿದರೆ? ಕಾಂಟ್ರ್ಯಾಕ್ಟ್ ಮುಗಿಯುವ ತಿಂಗಳಲ್ಲಿ ಕೆಂಪು ಹೆಚ್ಚಿರುವವನ ಹೆಸರು ಸದ್ದಿಲ್ಲದೆ ಕೈಬಿಟ್ಟುಹೋದರೆ? ನೀವು ಹಾಗೆ ಮಾಡುವವರಲ್ಲವೆಂದು ನಿಮ್ಮ ಪತ್ರದ ಧಾಟಿಯೇ ಹೇಳುತ್ತದೆ. ಆದರೆ ನಿಮಗೆ ವರ್ಗವಾಗುತ್ತದೆ, ಸರ್ವರಿನಲ್ಲಿರುವ ಪಟ್ಟಿಗೆ ವರ್ಗವಾಗುವುದಿಲ್ಲ.

ಪತ್ರಿಕೆಗಳು ತಿಳಿವಳಿಕೆ ಮೂಡಿಸಬೇಕೆಂದು ಕೇಳಿದ್ದೀರಿ, ಒಪ್ಪಿದೆ. ಆದರೆ ಯಾರಲ್ಲಿ? ನಮ್ಮ ಹೊರನಾಡ ಕನ್ನಡಿಗರ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿ. ಉದ್ಯಮಿಗಳ ಬಣ್ಣದ ಭಾವಚಿತ್ರಗಳಿಗೆ ಪುಟಗಳು ಸಾಲುವುದಿಲ್ಲ. ದೊಡ್ಡ ಕಾವಲಿಯ ಮುಂದೆ ಬಾಗಿ ದೋಸೆ ಹೊಯ್ದು ನಡು ಕಳೆದುಕೊಂಡವನಿಗೂ, ವಿಜಯಪುರ, ಕಲಬುರಗಿಯ ಕಡೆಯಿಂದ ಬಂದು ಪಿಂಪ್ರಿ ಚಿಂಚವಡದಲ್ಲಿ ಹೆಲ್ಪರ್ ಆಗಿ ಸವೆದವನಿಗೂ ಅರ್ಧ ಕಾಲಮ್ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸರು ಈ ಮುಂಬಯಿಯಲ್ಲಿ ಹೋಟೆಲ್ ಕಾರ್ಮಿಕರನ್ನು ಸಂಘಟಿಸಿದ್ದನ್ನು ನೆನೆಯುವವರೂ ಅವರ ಚುನಾವಣೆಯ ಗೆಲುವನ್ನಷ್ಟೇ ನೆನೆಯುತ್ತಾರೆ. ಹೀಗಿರುವಾಗ ಕೆಲಸಗಾರನಿಗೇ ಮೊದಲು ಬುದ್ಧಿ ಹೇಳಬೇಕೆಂದು ನನಗೆ ಅನ್ನಿಸುವುದಿಲ್ಲ.

ನೀವು ಮಾಡಬಹುದಾದದ್ದು ಇಷ್ಟು. ಎಚ್.ಆರ್. ವಿಭಾಗಕ್ಕೆ ಹೋಗುವ ಪಟ್ಟಿಯನ್ನು ಈ ತಿಂಗಳೇ ನಿಲ್ಲಿಸಿ. ಹೆಸರು ತೆಗೆದು ಸ್ಟೇಷನ್ ಸಂಖ್ಯೆ ಇಡಿ, ಮುಖಗಳನ್ನು ಮಸುಕು ಮಾಡಿಸಿ. ಪರದೆಯನ್ನು ಮೊದಲು ಆ ಸ್ಟೇಷನ್ನಿನ ಕೆಲಸಗಾರನಿಗೇ ತೋರಿಸಿ, ಇಲ್ಲಿ ಏಕೆ ಬಾಗುತ್ತೀರಿ ಎಂದು ಕೇಳಿ. ಆತ ಹೇಳುವ ಉತ್ತರವನ್ನು ಮರಾಠಿಯಲ್ಲಾಗಲಿ ಕನ್ನಡದಲ್ಲಾಗಲಿ ಅವನ ಮಾತಿನಲ್ಲಿಯೇ ಬರೆದುಕೊಳ್ಳಿ. ಕೆಂಪು ಹಸಿರಾಯಿತೆಂದು ಗಂಟೆಯ ಲೆಕ್ಕವನ್ನು ಏರಿಸುವುದಿಲ್ಲವೆಂದು ಯೂನಿಯನ್ನಿಗೆ ಲಿಖಿತವಾಗಿ ಕೊಡಿ. ಸಲಹೆ ಬೇಕಿದ್ದರೆ ಮುಂಬಯಿಯ ಸಾಯನ್‌ನಲ್ಲಿರುವ ಕೇಂದ್ರ ಕಾರ್ಮಿಕ ಸಂಸ್ಥೆಯಲ್ಲಿ ಕೆಲಸವನ್ನು ದೇಹಕ್ಕೆ ಹೊಂದಿಸುವ ವಿದ್ಯೆಯಾದ ಎರ್ಗೋನಾಮಿಕ್ಸ್ ಬಲ್ಲವರಿದ್ದಾರೆ. ಅದು ಸರ್ಕಾರದ್ದೇ ಸಂಸ್ಥೆ. ಆರು ತಿಂಗಳು ಕಳೆದ ಮೇಲೆ ಎಷ್ಟು ಮೇಜುಗಳ ಎತ್ತರ ಬದಲಾಯಿತು, ಎಷ್ಟು ಬಿನ್ನುಗಳು ಜಾಗ ಬದಲಿಸಿದವು ಎಂದು ನಮಗೆ ಬರೆಯಿರಿ. ನಿಮ್ಮ ಯೂನಿಯನ್ನಿನವರೂ ಜೊತೆಗೆ ಒಂದು ಪುಟ ಬರೆದುಕೊಟ್ಟರೆ ಎರಡನ್ನೂ ಅಕ್ಕಪಕ್ಕದಲ್ಲಿ ಅಚ್ಚು ಹಾಕುತ್ತೇನೆ.

— ಸಂ.