ಹಿಂದಿನ ಕೋಣೆಯಲ್ಲಿ ಕೂತವರಿಗೆ ಏನು ಕಾಣುತ್ತದೆ?

ಪ್ರಶ್ನೆ: ನನಗೆ 34 ವರ್ಷ. ಒಂದು ದೊಡ್ಡ ಆಸ್ಪತ್ರೆಯ ಲ್ಯಾಬ್‌ನಲ್ಲಿ ಎಂಟು ವರ್ಷದಿಂದ ಇದ್ದೇನೆ. ರಕ್ತ ತೆಗೆಯುವವಳು ನಾನಲ್ಲ, ಪರೀಕ್ಷೆ ಮಾಡುವವಳೂ ನಾನಲ್ಲ. ಬಂದ ಫಲಿತಾಂಶವನ್ನು ಕಂಪ್ಯೂಟರ್‌ಗೆ ಹಾಕುವುದು, ಹೆಸರು, ನಂಬರು ತಾಳೆ ನೋಡುವುದು, ರಿಪೋರ್ಟ್ ಕಳಿಸುವುದು, ಇಷ್ಟೇ. ಬೆಳಗ್ಗೆ ಎದ್ದರೆ ಹೋಗಲು ಮನಸ್ಸೇ ಬರುವುದಿಲ್ಲ. ಪಕ್ಕದ ಸೀಟಿನ ಗೆಳತಿ ಇದೇ ಕೆಲಸವನ್ನು ಇದೇ ಸಂಬಳಕ್ಕೆ ಖುಷಿಯಿಂದ ಮಾಡುತ್ತಾಳೆ. ಗಂಡ, ಅಕ್ಕ ಎಲ್ಲರೂ "ನಿನ್ನ ದೃಷ್ಟಿ ಬದಲಾಯಿಸಿಕೋ" ಅನ್ನುತ್ತಾರೆ, ಆ ಮೂವರು ಕಲ್ಲುಕುಟಿಗರ ಕಥೆ ಹೇಳುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ಮೂರು ವರ್ಷದಿಂದ ಸಂಬಳ ಏರಿಲ್ಲ. ಇಬ್ಬರು ಬಿಟ್ಟುಹೋದ ಮೇಲೆ ಅವರ ಪಾಲಿನ ಕೆಲಸವೂ ನಮ್ಮ ಮೇಲೆಯೇ ಬಿದ್ದಿದೆ. ಕೊರತೆ ನನ್ನಲ್ಲೇ ಇದೆಯಾ? ಕೆಲಸ ಬಿಟ್ಟುಬಿಡಲಾ?

ಉತ್ತರ: ಮೊದಲು ಆ ಕಥೆಯನ್ನೇ ನೋಡೋಣ. ಮೂವರೂ ಕಲ್ಲು ಕೆತ್ತುತ್ತಿರುತ್ತಾರೆ. ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ ಒಬ್ಬ ಕಲ್ಲು ಒಡೆಯುತ್ತಿದ್ದೇನೆ ಅನ್ನುತ್ತಾನೆ, ಇನ್ನೊಬ್ಬ ಹೊಟ್ಟೆಪಾಡು ಅನ್ನುತ್ತಾನೆ, ಮೂರನೆಯವನು ಗುಡಿ ಕಟ್ಟುತ್ತಿದ್ದೇನೆ ಅನ್ನುತ್ತಾನೆ. ಈ ಕಥೆ ಹೇಳುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ಆ ಮೂರನೆಯವನು ತಲೆ ಎತ್ತಿದರೆ ಸಾಕು, ಗೋಡೆ ಏಳುತ್ತಿರುವುದು ಕಣ್ಣೆದುರಿಗೇ ಕಾಣುತ್ತದೆ. ನಿಮಗೆ ಏನು ಕಾಣುತ್ತದೆ? ಒಂದು ನಂಬರು, ಅದರ ಕೆಳಗೆ ಇನ್ನೊಂದು ನಂಬರು. ನೀವು ಕಳಿಸಿದ ರಿಪೋರ್ಟ್ ಯಾರ ಕೈಗೆ ಹೋಯಿತು, ಅದನ್ನು ನೋಡಿ ಡಾಕ್ಟರು ಏನು ಮಾಡಿದರು, ಆ ರೋಗಿ ಹುಷಾರಾಗಿ ಮನೆಗೆ ಹೋದರಾ, ಯಾವ ಸುದ್ದಿಯೂ ನಿಮ್ಮ ತನಕ ವಾಪಸ್ ಬರುವುದಿಲ್ಲ. ಹೀಗಿರುವಾಗ ಮನಸ್ಸಿನಲ್ಲೇ ಗುಡಿ ಕಟ್ಟಿಕೋ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನಿಮಗೆ ಬಂದಿದ್ದರಲ್ಲಿ ತಪ್ಪೇನೂ ಇಲ್ಲ.

ಹಾಗಂತ ನಿಮ್ಮ ಮನೆಯವರ ಮಾತು ಪೂರ್ತಿ ಸುಳ್ಳೂ ಅಲ್ಲ. ಅಮೆರಿಕದ ಸಂಶೋಧಕಿ ಏಮಿ ರೆಜ್ನೆಸ್ಕಿ ಮತ್ತು ಅವರ ಜೊತೆಗಾರರು 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲಸವನ್ನು ಜನ ಮೂರು ರೀತಿಯಲ್ಲಿ ನೋಡುತ್ತಾರೆ: ಸಂಬಳದ ದಾರಿ, ಮೇಲೇರುವ ಮೆಟ್ಟಿಲು, ಇಲ್ಲವೇ ಮನಸ್ಸಿಗೆ ಒಪ್ಪಿದ ಕಾಯಕ. ಕುತೂಹಲದ ಸಂಗತಿ ಏನೆಂದರೆ, ಅದರಲ್ಲಿದ್ದ 24 ಕಚೇರಿ ಸಹಾಯಕರು ಹೆಚ್ಚುಕಡಿಮೆ ಸಮನಾಗಿ ಈ ಮೂರೂ ಗುಂಪಿಗೆ ಹಂಚಿಹೋಗಿದ್ದರು. ಹುದ್ದೆ ಒಂದೇ, ಆದರೆ ನೋಡುವ ರೀತಿ ಮೂರು. ಅಂದರೆ ನೀವು ಮತ್ತು ನಿಮ್ಮ ಗೆಳತಿ ಅಕ್ಕಪಕ್ಕ ಕೂತು ಬೇರೆ ಬೇರೆ ಲೋಕದಲ್ಲಿರುವುದು ವಿಚಿತ್ರವೇನಲ್ಲ, ನಿಮ್ಮ ದೋಷವೂ ಅಲ್ಲ.

ಆದರೆ ಈ ನೋಟ ಬರುವುದು ಎಲ್ಲಿಂದ? ನನಗೆ ಮುಖ್ಯ ಅನಿಸುವುದು ಇದೇ. ಅದೇ ರೆಜ್ನೆಸ್ಕಿ ಮತ್ತು ಜೇನ್ ಡಟ್ಟನ್ 2001ರಲ್ಲಿ ಬರೆದ ಲೇಖನದಲ್ಲಿ ಆಸ್ಪತ್ರೆ ಸ್ವಚ್ಛ ಮಾಡುವವರ ಉದಾಹರಣೆ ಇದೆ. ಒಂದು ಗುಂಪಿನವರು ಹೇಳಿದ ಕೆಲಸವನ್ನಷ್ಟೇ ಮಾಡಿ, ಯಾರ ಜೊತೆಗೂ ಹೆಚ್ಚು ಮಾತಿಲ್ಲದೆ ಹೋಗುತ್ತಿದ್ದರು, ಇದೇನು ಯಾರು ಬೇಕಾದರೂ ಮಾಡುವ ಕೆಲಸ ಅನ್ನುತ್ತಿದ್ದರು. ಇನ್ನೊಂದು ಗುಂಪಿನವರು ರೋಗಿಗಳ ಜೊತೆ, ಅವರ ಮನೆಯವರ ಜೊತೆ, ನರ್ಸ್‌ಗಳ ಜೊತೆ ಮಾತಾಡುತ್ತಿದ್ದರು, ವಾರ್ಡ್‌ನ ಕೆಲಸಕ್ಕೆ ಹೊಂದುವ ಹಾಗೆ ತಮ್ಮ ಕೆಲಸದ ಹೊತ್ತನ್ನು ಜೋಡಿಸಿಕೊಳ್ಳುತ್ತಿದ್ದರು. ತಾವೂ ರೋಗಿಗಳನ್ನು ಗುಣಪಡಿಸುವುದರಲ್ಲಿ ಪಾಲುದಾರರು ಅನ್ನುತ್ತಿದ್ದರು. ಗಮನಿಸಿ, ಈ ಎರಡನೇ ಗುಂಪಿನವರು ಕೂತಲ್ಲೇ ಕೂತು ಯೋಚನೆ ಬದಲಿಸಿಕೊಂಡವರಲ್ಲ. ಅವರು ಮಾತಾಡುತ್ತಿದ್ದ ಜನ ಬೇರೆ, ದಿನವೂ ಕಾಣುತ್ತಿದ್ದ ಮುಖಗಳು ಬೇರೆ.

2007ರಲ್ಲಿ ಆಡಂ ಗ್ರಾಂಟ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ನಿಮಗೆ ಇನ್ನೂ ಹತ್ತಿರದ್ದು. ಅದರಲ್ಲಿದ್ದವರು ಒಂದು ವಿಶ್ವವಿದ್ಯಾಲಯದ ಪರವಾಗಿ ಜನರಿಗೆ ಫೋನ್ ಮಾಡಿ ದೇಣಿಗೆ ಕೇಳುವವರು. ದಿನವಿಡೀ ಬೇಡ, ಆಗಲ್ಲ ಎಂಬ ಮಾತೇ ಕಿವಿಗೆ ಬೀಳುತ್ತದೆ. ಅವರಲ್ಲಿ ಕೆಲವರಿಗೆ ಆ ದೇಣಿಗೆಯಿಂದ ಓದಿದ ಒಬ್ಬ ವಿದ್ಯಾರ್ಥಿಯ ಜೊತೆ ಕೆಲವೇ ನಿಮಿಷ ಮಾತಾಡಲು ಅವಕಾಶ ಮಾಡಿಕೊಟ್ಟರು. ಒಂದು ತಿಂಗಳ ನಂತರ ನೋಡಿದರೆ ಅವರು ಫೋನಿನಲ್ಲಿ ಕಳೆಯುವ ಸಮಯ ಎರಡು ಪಟ್ಟಿಗಿಂತ ಜಾಸ್ತಿಯಾಗಿತ್ತು, ತಂದ ಹಣ ಅದಕ್ಕಿಂತಲೂ ಹೆಚ್ಚು ಏರಿತ್ತು. ವಿದ್ಯಾರ್ಥಿಯ ಪತ್ರವನ್ನು ಸುಮ್ನೆ ಓದಿದವರಲ್ಲಿ ಇಂಥ ಬದಲಾವಣೆ ಕಾಣಲಿಲ್ಲ. ಉಪದೇಶ ಯಾರೂ ಮಾಡಿರಲಿಲ್ಲ, ಒಬ್ಬ ಮನುಷ್ಯನನ್ನು ಎದುರಿಗೆ ಕೂರಿಸಿದ್ದರು ಅಷ್ಟೇ.

ಈಗ ನಿಮ್ಮ ಮೇಜಿಗೆ ಬರೋಣ. ರಕ್ತದ ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5ರ ಆಸುಪಾಸಿನಲ್ಲಿರಬೇಕು ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 6.5 ಅಂದರೆ ಹೃದಯದ ಬಡಿತವೇ ಏರುಪೇರಾಗಬಹುದು, ಡಾಕ್ಟರು ಓಡಿ ಬರಬೇಕು. 5.6 ಅಂದರೆ ಅಷ್ಟು ಅವಸರ ಇಲ್ಲದಿರಬಹುದು. ಬೆರಳು ಜಾರಿ ಎರಡು ಅಂಕಿ ಹಿಂದುಮುಂದಾದರೆ ರಾತ್ರಿ ಪಾಳಿಯ ಡಾಕ್ಟರು ಓಡುವುದಿಲ್ಲ. ಇನ್ನೊಂದು, ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೆ ಪೊಟ್ಯಾಸಿಯಂ ಸುಳ್ಳಾಗಿಯೇ ಜಾಸ್ತಿ ತೋರಿಸುತ್ತದೆ. ಮಾದರಿ ಕೆಟ್ಟಿದೆ ಎಂಬ ಷರಾ ರಿಪೋರ್ಟ್‌ನಲ್ಲಿ ಇಲ್ಲದಿದ್ದರೆ ಇಲ್ಲದ ಕಾಯಿಲೆಗೆ ಔಷಧಿ ಕೊಟ್ಟುಬಿಡಬಹುದು. ಆ ಒಂದು ಸಾಲಿನ ಷರಾ ದಿನವೂ ನಿಮ್ಮ ಕೈಯಿಂದಲೇ ಹೋಗುತ್ತದೆ. ಎಂಟು ವರ್ಷದಲ್ಲಿ ನೀವು ತಾಳೆ ನೋಡಿ ತಡೆದ ತಪ್ಪುಗಳು ಎಷ್ಟೋ ಇರುತ್ತವೆ. ತಡೆದದ್ದಕ್ಕೇ ಅವು ಯಾರಿಗೂ ಕಾಣಲಿಲ್ಲ, ನಿಮಗೂ ಕಾಣಲಿಲ್ಲ. ಇದು ನಿಜಕ್ಕೂ ಬೇಸರದ ವಿಷಯ, ಕೆಲಸ ಚೆನ್ನಾಗಿ ಆದಷ್ಟೂ ಅದು ಕಣ್ಮರೆ.

ಹಾಗಾಗಿ ಮನೆಯಲ್ಲಿ ಕೂತು ದೃಷ್ಟಿ ಬದಲಿಸಿಕೊಳ್ಳಲು ಹೆಣಗಬೇಡಿ. ಜಾಗ ಬದಲಿಸಿ ನೋಡಿ. ನಿಮ್ಮ ಲ್ಯಾಬ್‌ನ ಮುಖ್ಯಸ್ಥರನ್ನು ಕೇಳಿ ಅರ್ಧ ದಿನ ಐಸಿಯುನಲ್ಲೋ ಡಯಾಲಿಸಿಸ್ ವಿಭಾಗದಲ್ಲೋ ನರ್ಸ್ ಜೊತೆ ಇರಿ. ರಿಪೋರ್ಟ್ ಬಂದ ಕೂಡಲೇ ಅಲ್ಲಿ ಏನಾಗುತ್ತದೆ ನೋಡಿ. ಅಪಾಯದ ಮಟ್ಟದ ಫಲಿತಾಂಶ ಬಂದಾಗ ವಾರ್ಡ್‌ಗೆ ಫೋನ್ ಹೋಗುತ್ತದಲ್ವಾ, ಆ ಕೆಲಸದಲ್ಲಿ ನಿಮಗೂ ಪಾಲು ಕೊಡಲಾಗುತ್ತದಾ ವಿಚಾರಿಸಿ. ಮತ್ತೆ ಆ ಗೆಳತಿಯನ್ನು ಒಮ್ಮೆ ನಿಧಾನವಾಗಿ ಕೇಳಿ, ಅವಳಿಗೆ ಈ ಕೆಲಸದಲ್ಲಿ ಏನು ಕಾಣುತ್ತದೆ ಎಂದು. ಅವಳ ಮನೆಯಲ್ಲಿ ಯಾರಾದರೂ ವರ್ಷಗಟ್ಟಲೆ ಇಂಥ ರಿಪೋರ್ಟ್‌ಗೆ ಕಾದು ಕೂತಿದ್ದಿರಬಹುದು. ಇಲ್ಲದಿರಲೂಬಹುದು. ಹೋಲಿಸಿಕೊಂಡು ಕುಗ್ಗುವುದಕ್ಕಿಂತ ಕೇಳಿಬಿಡುವುದು ವಾಸಿ.

ಇನ್ನು ಸಂಬಳದ ಮಾತು. ನಿಮ್ಮ ಪತ್ರದ ಕೊನೆಗೆ, ಏನೋ ಸಣ್ಣ ದೂರು ಎಂಬ ಹಾಗೆ ಬರೆದಿದ್ದೀರಿ. ನನಗೆ ಅದು ಸಣ್ಣದು ಅನಿಸಲಿಲ್ಲ. ಮೃಗಾಲಯದಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವವರ ಬಗ್ಗೆ 2009ರಲ್ಲಿ ಸ್ಟೂವರ್ಟ್ ಬಂಡರ್ಸನ್ ಮತ್ತು ಜೆಫ್ರಿ ಥಾಂಪ್ಸನ್ ಒಂದು ಅಧ್ಯಯನ ಪ್ರಕಟಿಸಿದರು. ಇದು ತಮಗಾಗಿಯೇ ಇರುವ ಕೆಲಸ ಎಂದು ನಂಬಿದವರಿಗೆ ಅದರಲ್ಲಿ ಅರ್ಥ ಜಾಸ್ತಿ ಕಾಣುತ್ತಿತ್ತು, ನಿಜ. ಆದರೆ ಸಂಬಳ, ಸ್ವಂತ ಸಮಯ, ಆರಾಮ ಬಿಟ್ಟುಕೊಡುವುದರಲ್ಲೂ ಅವರೇ ಮುಂದಿದ್ದರು. ಕೆಲಸದ ಮೇಲೆ ಪ್ರೀತಿ ಇರುವವರನ್ನು ಹೆಚ್ಚು ದುಡಿಸಿಕೊಳ್ಳುವುದು ಸುಲಭ. ಇಬ್ಬರ ಜಾಗ ಖಾಲಿ ಇಟ್ಟು ಉಳಿದವರ ಮೇಲೆ ಹೊರೆ ಹಾಕಿದ್ದನ್ನು ಯಾವ ದೃಷ್ಟಿಯಿಂದ ನೋಡಿದರೂ ಹೊರೆ ಹೊರೆಯೇ. ನಿಮ್ಮ ಸುಸ್ತಿನಲ್ಲಿ ಅರ್ಥದ ಕೊರತೆ ಎಷ್ಟು, ಬರೀ ಆಯಾಸ ಎಷ್ಟು, ಇದನ್ನು ಬಿಡಿಸಿ ನೋಡುವವರೆಗೆ ರಾಜೀನಾಮೆ ಬರೆಯಬೇಡಿ.

ಒಂದೆರಡು ತಿಂಗಳು ಕೊಡಿ. ಆ ಕಡೆಯನ್ನು ಕಣ್ಣಾರೆ ನೋಡಿದ ಮೇಲೂ ಒಳಗೆ ಖಾಲಿ ಅನಿಸಿದರೆ ಬೇರೆ ಕೆಲಸ ಹುಡುಕಿ, ತಪ್ಪಿತಸ್ಥ ಭಾವನೆ ಬೇಡ. ಎಲ್ಲರಿಗೂ ಎಲ್ಲ ಕೆಲಸ ಒಗ್ಗುವುದಿಲ್ಲ, ಸಂಬಳಕ್ಕಾಗಿ ಮಾತ್ರ ದುಡಿದು ಖುಷಿಯನ್ನು ಬೇರೆಲ್ಲೋ ಕಂಡುಕೊಳ್ಳುವವರೂ ಮರ್ಯಾದೆಯಿಂದಲೇ ಬದುಕುತ್ತಾರೆ. ಆದರೆ ಸಂಬಳ ಮತ್ತು ಖಾಲಿ ಜಾಗದ ವಿಷಯಕ್ಕೆ ಎರಡು ತಿಂಗಳು ಕಾಯುವುದು ಬೇಡ. ಗೆಳತಿಯನ್ನೂ ಸೇರಿಸಿಕೊಂಡು ಈ ವಾರವೇ ಬರವಣಿಗೆಯಲ್ಲಿ ಕೊಡಿ. ಮೊದಲು ಎಷ್ಟು ಜನ ಇದ್ದರು, ಈಗ ಎಷ್ಟು ಜನ ಇದ್ದೀರಿ, ದಿನಕ್ಕೆ ಎಷ್ಟು ರಿಪೋರ್ಟ್ ಹೋಗುತ್ತಿದೆ, ಅವಸರದಲ್ಲಿ ಎಂಥ ತಪ್ಪು ನುಸುಳಬಹುದು, ಎಲ್ಲವನ್ನೂ ಬರೆಯಿರಿ. ತಾರೀಖು ಹಾಕಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.