ಧ್ಯಾನಕ್ಕೆ ಕೂತ್ರೆ ತಲೆ ಇನ್ನೂ ಜಾಸ್ತಿ ಓಡುತ್ತೆ, ಏನ್ ಮಾಡ್ಲಿ?

ಪ್ರಶ್ನೆ: ನಾನು ದಾವಣಗೆರೆಯವಳು, ಹೈಸ್ಕೂಲ್ ಟೀಚರ್, ವಯಸ್ಸು 42. ಹಾಸಿಗೆ ಹಿಡಿದಿದ್ದ ಅತ್ತೆನ ಮೂರು ವರ್ಷ ನೋಡ್ಕೊಂಡೆ, ಹೋದ ವರ್ಷ ತೀರ್ಕೊಂಡ್ರು. ಈಗ ಟೈಮಿದೆ, ಆದ್ರೆ ಒಳಗೆಲ್ಲ ಬತ್ತಿ ಹೋದ ಹಾಗಿದೆ. ಹೊಸದಾಗಿ ಶುರು ಮಾಡೋಣ ಅಂತ ಆ್ಯಪ್ ಹಾಕ್ಕೊಂಡು ಬೆಳಗ್ಗೆ ಐದಕ್ಕೆ ಧ್ಯಾನಕ್ಕೆ ಕೂರ್ತೀನಿ. ಕಣ್ಣು ಮುಚ್ಚಿದ್ ಕೂಡ್ಲೆ "ಅವತ್ತು ಅವರ ಮೇಲೆ ರೇಗಬಾರ್ದಿತ್ತು" ಅಂತ ಶುರುವಾಗುತ್ತೆ, ಎಷ್ಟು ತಳ್ಳಿದ್ರೂ ಹೋಗಲ್ಲ. ನನ್ನಂಥವರಿಗೆ ಇದು ಆಗಲ್ವಾ?

ಉತ್ತರ: ಆಗುತ್ತೆ ಮೇಡಂ, ಖಂಡಿತ ಆಗುತ್ತೆ. ನೀವು ಯೋಚನೆನ ತಳ್ತಾ ಇದ್ದೀರಲ್ಲ, ಕಷ್ಟ ಆಗ್ತಿರೋದು ಅಲ್ಲಿ.

1987ರಲ್ಲಿ ಡೇನಿಯಲ್ ವೆಗ್ನರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ರು. ಬಿಳಿ ಕರಡಿ ಬಗ್ಗೆ ಯೋಚಿಸ್ಲೇಬೇಡಿ, ನೆನಪಾದ್ರೆ ಗಂಟೆ ಬಾರಿಸಿ ಅಂದ್ರು ಸ್ಟೂಡೆಂಟ್ಸ್‌ಗೆ. ಗಂಟೆ ಬಾರಿಸ್ತಾನೇ ಇದ್ರು, ಆಮೇಲೆ ಈಗ ಯೋಚಿಸ್ಬಹುದು ಅಂದಾಗ ಮೊದ್ಲಿಂದ್ಲೂ ಯೋಚಿಸೋಕೆ ಬಿಟ್ಟಿದ್ದವರಿಗಿಂತ ಇವರಿಗೇ ಕರಡಿ ಜಾಸ್ತಿ ಬಂತು. ಒಂದು ಕರಡಿಗೇ ಹೀಗಾದ್ರೆ ಮೂರು ವರ್ಷ ಜೊತೆಗಿದ್ದ ಅತ್ತೆ ನೆನಪು ತಳ್ಳಿದ್ರೆ ಹೋಗುತ್ತಾ ಹೇಳಿ.

ಹಾಗಾಗಿ ಮನಸ್ಸು ಖಾಲಿ ಮಾಡೋ ಕೆಲ್ಸ ಬಿಟ್ಬಿಡಿ. ಒಂದೇ ಒಂದನ್ನ ಗಮನಿಸಿ. "ರೇಗಬಾರ್ದಿತ್ತು" ಅನ್ನೋದು ಮೊದಲ ಯೋಚನೆ, ಅದು ತಾನಾಗೇ ಬರುತ್ತೆ, ಅದರ ಮೇಲೆ ನಿಮ್ಮ ಕೈ ಇಲ್ಲ. ಆದ್ರೆ ಅದರ ಹಿಂದೇನೇ "ನಾನೆಂಥ ಸೊಸೆ", ಆಮೇಲೆ "ನಾನು ಯಾವಾಗ್ಲೂ ಇಷ್ಟೇ", ಕೊನೆಗೆ "ಧ್ಯಾನಾನೂ ನನ್ ಕೈಲಾಗಲ್ಲ" ಅಂತ ಸರಪಳಿ ಬರುತ್ತಲ್ಲ, ನಿಮ್ಮನ್ನ ಒಳಗಿಂದ ಬತ್ತಿಸ್ತಿರೋದು ಅದು. ಎರಡನೇದು ಬಂದಾಗ ಮನಸ್ಸಲ್ಲೇ ಮೆಲ್ಲಗೆ ಹೇಳ್ಕೊಳ್ಳಿ, "ನಾನೆಂಥ ಸೊಸೆ ಅಂತ ಒಂದು ಯೋಚನೆ ಬಂತು" ಅಂತ. ಅಷ್ಟೇ, ಅದು ಸರಿನಾ ತಪ್ಪಾ ಅಂತ ವಾದಕ್ಕೆ ಇಳಿಬೇಡಿ. ಆಮೇಲೆ ಗಮನನ ಮೈ ಕಡೆಗೆ ತನ್ನಿ, ಗಂಟಲು ಬಿಗಿದಿದ್ಯಾ, ಎದೆ ಭಾರ ಇದ್ಯಾ, ಅಲ್ಲೇ ನಾಲ್ಕೈದು ಉಸಿರು ಇರಿ. ಅಳು ಬರಬಹುದು, ಬರ್ಲಿ ಬಿಡಿ. ಇಷ್ಟು ದಿನ ಔಷಧಿ, ಡಯಾಪರ್, ಸ್ಕೂಲು ಅಂತ ಓಡ್ತಾ ಅಳೋಕೂ ಪುರಸೊತ್ತು ಇರ್ಲಿಲ್ಲ ಅನ್ಸುತ್ತೆ ನಿಮ್ಗೆ. ವರ್ಷಗಟ್ಲೆ ರೋಗಿಯನ್ನ ನೋಡ್ಕೊಂಡವರಲ್ಲಿ ಒಂದಿಲ್ಲೊಂದು ದಿನ ರೇಗದೇ ಇರೋರು ತುಂಬಾ ಕಮ್ಮಿ, ಇದನ್ನ ಸಮಾಧಾನಕ್ಕೆ ಹೇಳ್ತಿಲ್ಲ, ನಿಜಾನೇ ಅದು.

ಯೋಚನೆನ ಹೀಗೆ ಯೋಚನೆಯಾಗಿ ನೋಡೋದನ್ನೇ ಟೀಸ್‌ಡೇಲ್, ವಿಲಿಯಮ್ಸ್, ಸೀಗಲ್ ಅನ್ನೋ ಮೂವರು ಮನಶ್ಶಾಸ್ತ್ರಜ್ಞರು ಎಂಟು ವಾರದ ಚಿಕಿತ್ಸೆಯಾಗಿ ರೂಪಿಸಿದ್ರು. ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲ ಖಿನ್ನತೆಗೆ ಜಾರಿದ್ದವರಲ್ಲಿ ಅದು ಮರುಕಳಿಸೋದನ್ನ ಇದು ಕಮ್ಮಿ ಮಾಡ್ತು ಅಂತ ಅವರ 2000ದ ಅಧ್ಯಯನದಲ್ಲಿ ಬಂತು. ಅವರಿಗೆ ಕೆಟ್ಟ ಯೋಚನೆ ಬರೋದೇ ನಿಂತೋಯ್ತು ಅಂತಲ್ಲ, ಬಂದ ಯೋಚನೆ ಎಳೆದ ಕಡೆಗೆಲ್ಲ ಹೋಗದೇ ಇರೋದನ್ನ ಕಲಿತ್ರು. ನೀವು ಕೇಳ್ತಿರೋ ಹೊಸತನ ಅಲ್ಲಿಂದಾನೇ ಚಿಗುರೋದು ಅಂತ ನಾನು ನಂಬ್ತೀನಿ. ದಿನವಿಡೀ ನಿಮ್ಮನ್ನ ನೀವೇ ಕಟಕಟೆಯಲ್ಲಿ ನಿಲ್ಲಿಸೋದಕ್ಕೆ ಹೋಗ್ತಿದ್ದ ಶಕ್ತಿ ವಾಪಸ್ ಸಿಗುತ್ತೆ, ಕ್ಲಾಸಲ್ಲಿ ಮಗು ಏನೋ ಹೇಳಿದ್ರೆ ಪೂರ್ತಿ ಕೇಳಿಸುತ್ತೆ.

ಆದ್ರೆ ಒಂದು ಮಾತು. ನಿದ್ದೆ, ಊಟ ಕೆಟ್ಟಿದ್ರೆ, ಯಾವುದ್ರಲ್ಲೂ ಆಸಕ್ತಿ ಇಲ್ದೆ ಎರಡು ವಾರ ದಾಟಿದ್ರೆ, ಬದುಕೇ ಬೇಡ ಅನ್ನಿಸಿದ್ರಂತೂ ಒಂದು ದಿನಾನೂ ಕಾಯದೇ, ಮನೋವೈದ್ಯರನ್ನ ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು. ಈಗಾಗ್ಲೇ ಮಾತ್ರೆ ತಗೊಳ್ತಿದ್ರೆ ಧ್ಯಾನ ಶುರು ಮಾಡ್ದೆ ಅಂತ ನೀವಾಗೇ ನಿಲ್ಲಿಸ್ಬೇಡಿ.

ಇನ್ನು ಬೆಳಗ್ಗೆ ಐದಕ್ಕೆ ಏಳೋದು ಕಡ್ಡಾಯ ಏನಲ್ಲ, ನಿದ್ದೆ ಮಾಡಿ. ಸದ್ಯಕ್ಕೆ ಕಣ್ಣು ಬಿಟ್ಕೊಂಡೇ ಮಾಡಿ, ಪಾತ್ರೆ ತೊಳೀತಾ, ಬಸ್ಸಿಗೆ ಕಾಯ್ತಾ, ಮೂರು ನಿಮಿಷ ಸಾಕು.