ಇಂಗಾಲದ ಬೆಲೆಯನ್ನು ತೆರುವವರು ಯಾರು?

ಪ್ರಶ್ನೆ: ನಾವು ಮುಂಬೈ ಬಳಿಯ ಡೊಂಬಿವಲಿಯ ವಸತಿ ಸೊಸೈಟಿಯೊಂದರ ಕೊನೆಯ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ತಾರಸಿ ಕಾದು ರಾತ್ರಿಯಿಡೀ ಎ.ಸಿ. ಓಡುತ್ತದೆ. ಇಂಧನ ಉರಿಸಿ ಗಾಳಿಗೆ ಬಿಡುವ ಇಂಗಾಲಕ್ಕೆ ಬೆಲೆ ಕಟ್ಟಿದರೆ ಇಂಥ ಬಳಕೆ ಇಳಿಯುತ್ತದೆಯೇ?

ಉತ್ತರ: 2023ರಲ್ಲಿ ಅಧಿಸೂಚಿತವಾದ ಭಾರತದ ಇಂಗಾಲ ಕ್ರೆಡಿಟ್ ವ್ಯಾಪಾರ ಯೋಜನೆಯು (ಗುರಿಗಿಂತ ಕಡಿಮೆ ಹೊರಸೂಸಿದವರು ಉಳಿಕೆಯನ್ನು ಕ್ರೆಡಿಟ್ ಆಗಿ ಮಾರಬಹುದು) ಸಿಮೆಂಟ್, ಅಲ್ಯೂಮಿನಿಯಂ ಮುಂತಾದ ಕೈಗಾರಿಕೆಗಳಿಗೆ ಹೊರಸೂಸುವಿಕೆಯ ಗುರಿ ನಿಗದಿಪಡಿಸುತ್ತದೆಯೇ ಹೊರತು ಮನೆಗಳಿಗಲ್ಲ. ಆದರೂ ಬೆಲೆ ಮನೆಯವರೆಗೆ ಬರುವ ದಾರಿ ನಮಗೆ ಹೊಸದೇನಲ್ಲ. ಕಲ್ಲಿದ್ದಲಿನ ಮೇಲೆ 2010ರಲ್ಲಿ ಟನ್ನಿಗೆ 50 ರೂಪಾಯಿಯಿದ್ದ ಸೆಸ್ 2016ರಲ್ಲಿ 400ಕ್ಕೇರಿತು. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 600ರಿಂದ 700 ಗ್ರಾಂ ಕಲ್ಲಿದ್ದಲು ಉರಿಯುತ್ತದೆಂದು ಹಿಡಿದರೆ, ಉಷ್ಣ ಸ್ಥಾವರದ ಯೂನಿಟ್ಟಿಗೆ 25 ಪೈಸೆಯ ಆಸುಪಾಸಿನ ಖರ್ಚು ಸದ್ದಿಲ್ಲದೆ ಸೇರಿಕೊಂಡಿತು.

ಅಷ್ಟರಿಂದ ಯಾರೂ ಎ.ಸಿ. ಆರಿಸಲಾರರು. ನಿಮ್ಮ ಪ್ರಶ್ನೆಯ ತಿರುಳಿರುವುದೂ ಇಲ್ಲಿಯೇ: ಬಿಲ್ಲು ಕಟ್ಟುವವರು ನೀವು, ತಾರಸಿಗೆ ಬಿಳಿ ಶಾಖನಿರೋಧಕ ಲೇಪ ಹಚ್ಚಿಸುವ ಅಧಿಕಾರವಿರುವುದು ಸೊಸೈಟಿಗೆ. ಜರ್ಮನಿಯು ಈ ತೊಡಕನ್ನು ಗುರುತಿಸಿ, ಮನೆ ಬೆಚ್ಚಗಿಡುವ ಇಂಧನದ ಇಂಗಾಲ ವೆಚ್ಚವನ್ನು 2023ರಿಂದ ಬಾಡಿಗೆದಾರರಿಗೂ ಮಾಲೀಕರಿಗೂ ಹಂಚಿದೆ; ಕಟ್ಟಡ ಇಂಧನ ಉಳಿಸುವುದರಲ್ಲಿ ತೀರಾ ಕಳಪೆಯಾಗಿದ್ದರೆ ಶೇ. 95ರಷ್ಟು ಮಾಲೀಕರೇ ತೆರಬೇಕು. ಟೋಕಿಯೊ 2010ರಿಂದಲೇ ದೊಡ್ಡ ಕಟ್ಟಡಗಳ ಹೊರಸೂಸುವಿಕೆಗೆ ನೇರವಾಗಿ ಮಿತಿ ಹಾಕಿದೆ. ನನ್ನ ಮಟ್ಟಿಗೆ ಜರ್ಮನಿಯ ಕ್ರಮವೇ ಹೆಚ್ಚು ನ್ಯಾಯವಾದದ್ದು. ಸದ್ಯಕ್ಕೆ ನಿಮ್ಮ ಏಪ್ರಿಲ್, ಮೇ ತಿಂಗಳ ಬಿಲ್ಲುಗಳನ್ನು ಕೆಳಮಹಡಿಯವರ ಬಿಲ್ಲುಗಳ ಜೊತೆಗಿಟ್ಟು, ಮಾಲೀಕರ ಮೂಲಕ ಸೊಸೈಟಿಯ ವಾರ್ಷಿಕ ಸಭೆಯ ಮುಂದೆ ಇರಿಸಿ.